ಗುಂಡಿನ ದಪ್ಪವೋ, ಕೈಯ ಅಳತೆಯೋ: ಸೇನೆ ಪಿಸ್ತೂಲು ಆರಿಸುವ ಬಗೆ

1904ರಲ್ಲಿ ಅಮೆರಿಕದ ಸೇನೆ ತನ್ನ ಇಬ್ಬರು ಅಧಿಕಾರಿಗಳನ್ನು ಶಿಕಾಗೋದ ಕಸಾಯಿಖಾನೆಗೆ ಕಳಿಸಿತು. ಒಬ್ಬರು ಜಾನ್ ಥಾಂಪ್ಸನ್. ಮುಂದೆ ‘ಟಾಮಿ ಗನ್’ ಎಂದು ಹೆಸರಾದ ಬಂದೂಕಿನ ಹಿಂದೆ ಇದ್ದವರು ಇವರೇ. ಇನ್ನೊಬ್ಬರು ಸೇನಾ ವೈದ್ಯ ಲೂಯಿ ಲಗಾರ್ಡ್. ಬೇರೆ ಬೇರೆ ಗಾತ್ರದ ಗುಂಡುಗಳನ್ನು ಜೀವಂತ ದನಗಳ ಮೇಲೂ ಮನುಷ್ಯರ ಶವಗಳ ಮೇಲೂ ಹಾರಿಸಿ ಪರಿಣಾಮವನ್ನು ಬರೆದಿಟ್ಟರು. ಆ ಪ್ರಯೋಗದ ವಿವರ ಓದಿದರೆ ಇವತ್ತಿಗೂ ಕರುಳು ಕಿವುಚುತ್ತದೆ. ಅವರು ಹುಡುಕುತ್ತಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ: ಕತ್ತಿ ಹಿಡಿದು ಎದುರಿಗೆ ಓಡಿ ಬರುವವನನ್ನು ಯಾವ ಗುಂಡು ಅಲ್ಲೇ ನಿಲ್ಲಿಸುತ್ತದೆ?

ಪ್ರಶ್ನೆ ಹುಟ್ಟಿದ್ದು ಫಿಲಿಪೀನ್ಸ್‌ನಲ್ಲಿ. ಆ ದ್ವೀಪಗಳನ್ನು ಹಿಡಿದುಕೊಂಡ ಅಮೆರಿಕದ ಪಡೆಗಳಿಗೆ ದಕ್ಷಿಣದ ಮೋರೋ ಯೋಧರು ಎದುರಾದರು. ಸೇನೆಯ ಕೈಯಲ್ಲಿದ್ದದ್ದು .38 ಲಾಂಗ್ ಕೋಲ್ಟ್ ರಿವಾಲ್ವರ್ (ಈ ಅಂಕಿ ಗುಂಡಿನ ದಪ್ಪವನ್ನು ಇಂಚಿನಲ್ಲಿ ಸೂಚಿಸುವ ಹೆಸರು). ಈಡು ತಗುಲಿದರೂ ಮನುಷ್ಯ ಬೀಳದೆ ಮೈಮೇಲೆ ಬರುತ್ತಾನೆ ಎಂಬ ದೂರು ಮೇಲಿಂದ ಮೇಲೆ ಬಂತು. ಉಗ್ರಾಣದಲ್ಲಿದ್ದ ಹಳೆಯ .45 ರಿವಾಲ್ವರುಗಳನ್ನು ಹೊರತೆಗೆದು ಮತ್ತೆ ಹಂಚಬೇಕಾಯಿತು. ಥಾಂಪ್ಸನ್-ಲಗಾರ್ಡ್ ಮಂಡಳಿ ಕೊಟ್ಟ ತೀರ್ಪು ಸ್ಪಷ್ಟವಾಗಿತ್ತು: ಸೈನ್ಯದ ಕೈಬಂದೂಕಿನ ಗುಂಡು .45ಕ್ಕಿಂತ ಸಣ್ಣದಿರಬಾರದು. ಅದನ್ನು ಆಧಾರವಾಗಿಟ್ಟುಕೊಂಡೇ ಜಾನ್ ಬ್ರೌನಿಂಗ್ ರೂಪಿಸಿದ .45 ಪಿಸ್ತೂಲನ್ನು ಸೇನೆ 1911ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ಎರಡು ಮಹಾಯುದ್ಧ, ಕೊರಿಯಾ, ವಿಯೆಟ್ನಾಂ ಎಲ್ಲವನ್ನೂ ದಾಟಿ 1985ರವರೆಗೆ ಅದೇ ಅಲ್ಲಿನ ಅಧಿಕೃತ ಪಿಸ್ತೂಲು.

ಸಾಮಾನ್ಯವಾಗಿ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ದಪ್ಪ ಗುಂಡು ಬಲವಾದದ್ದು, ಸಣ್ಣ ಗುಂಡು ಕೈಕೊಡುತ್ತದೆ, ಆದ್ದರಿಂದ 9 ಎಂ.ಎಂ. ಹಿಡಿದ ಸೇನೆ ತಪ್ಪು ಮಾಡಿದೆ ಎಂಬ ವಾದ ಇಂದಿಗೂ ಇದೇ ಕಥೆಯ ಮೇಲೆ ನಿಂತಿದೆ. ಆದರೆ ಅಳತೆಗೋಲು ಹಿಡಿದು ನೋಡಿದರೆ ವಾದ ಸಡಿಲವಾಗುತ್ತದೆ. ಫಿಲಿಪೀನ್ಸ್‌ನಲ್ಲಿ ಸೋತಿತು ಎನ್ನುವ .38 ಗುಂಡಿನ ಅಡ್ಡಳತೆ 9 ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚೇ ಇತ್ತು. ಅಂದರೆ ಇಂದಿನ ‘ಸಣ್ಣ’ 9 ಎಂ.ಎಂ.ಗಿಂತ ಅದು ಸಣ್ಣದಲ್ಲ. ವ್ಯತ್ಯಾಸ ಇದ್ದದ್ದು ವೇಗದಲ್ಲಿ. ಆ .38 ಗುಂಡು ಹತ್ತು ಗ್ರಾಂಗೆ ಸ್ವಲ್ಪ ಕಡಿಮೆ ತೂಗಿ, ಸೆಕೆಂಡಿಗೆ ಸುಮಾರು 235 ಮೀಟರ್ ವೇಗದಲ್ಲಿ ಹೋಗುತ್ತಿತ್ತು. ಅದರ ಶಕ್ತಿ ಸುಮಾರು 270 ಜೂಲ್. ಇಂದಿನ 9 ಎಂ.ಎಂ. ಗುಂಡು 8 ಗ್ರಾಂ ತೂಗಿ ಸುಮಾರು 360 ಮೀಟರ್ ವೇಗದಲ್ಲಿ ಹೋಗುತ್ತದೆ. ಶಕ್ತಿ 500 ಜೂಲ್ ದಾಟುತ್ತದೆ. ಹೆಸರಾಂತ .45ರದ್ದು 15 ಗ್ರಾಂ, 255 ಮೀಟರ್. ಲೆಕ್ಕ ಹಾಕಿದರೆ 490 ಜೂಲ್‌ಗೆ ಬಂದು ನಿಲ್ಲುತ್ತದೆ. ಶಕ್ತಿಯ ತಕ್ಕಡಿಯಲ್ಲಿ 9 ಎಂ.ಎಂ. ಮತ್ತು .45 ಅಕ್ಕಪಕ್ಕದ ಮನೆಯವು. .38 ಮಾತ್ರ ಅವೆರಡರ ಅರ್ಧದಷ್ಟು.

ಇದೇ ತಕ್ಕಡಿಗೆ ನಮ್ಮ ಇನ್ಸಾಸ್ ರೈಫಲಿನ 5.56 ಗುಂಡನ್ನು ಹಾಕಿದರೆ 1,700 ಜೂಲ್ ಆಸುಪಾಸು. ಹಳೆಯ 7.62 ಎಸ್‌ಎಲ್‌ಆರ್‌ನದು 3,000ಕ್ಕೂ ಮೇಲೆ. ಪಿಸ್ತೂಲು ಯಾವುದೇ ಆಗಲಿ, ರೈಫಲಿನ ಮುಂದೆ ಅದು ದುರ್ಬಲ ಆಯುಧ. ಕ್ಯಾಲಿಬರ್ (ಗುಂಡಿನ ಅಡ್ಡಳತೆ) ಬಗ್ಗೆ ಮಾತಾಡುವ ಮೊದಲು ಇದೊಂದು ಮನಸ್ಸಿನಲ್ಲಿ ಕೂತರೆ ಉಳಿದದ್ದು ಸುಲಭ.

ಹೆಸರುಗಳ ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳೋಣ. .45 ಎಂದರೆ ಇಂಚಿನ ನೂರರಲ್ಲಿ 45 ಭಾಗ, ಸುಮಾರು ಹನ್ನೊಂದೂವರೆ ಮಿಲಿಮೀಟರ್. ಕೊಡಗು, ಮಲೆನಾಡಿನ ಮನೆಗಳಲ್ಲಿ ಕೇಳಿಬರುವ ‘ಹನ್ನೆರಡು ಬೋರಿನ ಕೋವಿ’ಯ ಲೆಕ್ಕ ಬೇರೆಯೇ. ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮಾನ ಉಂಡೆ ಮಾಡಿದರೆ, ಒಂದು ಉಂಡೆ ಸರಿಯಾಗಿ ಕೂರುವ ನಳಿಗೆ ಅದು. ಹಾಗಾಗಿ ಬೋರಿನ ಅಂಕಿ ಏರಿದಂತೆ ನಳಿಗೆ ಸಣ್ಣದಾಗುತ್ತದೆ. ಇನ್ನು 9 ಎಂ.ಎಂ. ಎಂದರೂ ಎಲ್ಲ ಒಂದೇ ಅಲ್ಲ. ಆಸ್ಟ್ರಿಯಾ ಮೂಲದ ಜಾರ್ಜ್ ಲೂಗರ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ರೂಪಿಸಿದ್ದು 9×19. ಎರಡನೇ ಅಂಕಿ ತೋಟೆಯ ಹಿತ್ತಾಳೆ ಕವಚದ ಉದ್ದ. ಸೋವಿಯತ್ ಒಕ್ಕೂಟದ ಮಕರೋವ್ ಪಿಸ್ತೂಲಿನದು 9×18. ಒಂದು ಮಿಲಿಮೀಟರ್ ಗಿಡ್ಡ ಅಷ್ಟೇ ಅಲ್ಲ, ಗುಂಡಿನ ಅಡ್ಡಳತೆಯೂ ಸ್ವಲ್ಪ ಹೆಚ್ಚು. ಒಂದರ ತೋಟೆ ಇನ್ನೊಂದಕ್ಕೆ ಆಗುವುದಿಲ್ಲ. ಯುದ್ಧಭೂಮಿಯಲ್ಲಿ ಆ ಒಂದು ಮಿಲಿಮೀಟರ್ ಎರಡು ಲೋಕಗಳನ್ನು ಬೇರೆ ಮಾಡುತ್ತದೆ.

ಸರಿ, ಗುಂಡು ಮನುಷ್ಯನನ್ನು ನಿಲ್ಲಿಸುವುದು ಹೇಗೆ? ಸಿನಿಮಾದಲ್ಲಿ ತೋರಿಸುವ ಹಾಗೆ ಏಟು ಬಿದ್ದವನು ಹಿಂದಕ್ಕೆ ಹಾರಿ ಬೀಳುವುದಿಲ್ಲ. ಅಷ್ಟು ತಳ್ಳುವ ಬಲ ಗುಂಡಿನಲ್ಲಿದ್ದರೆ ಹೊಡೆದವನೂ ಅದೇ ಹೊಡೆತಕ್ಕೆ ಹಿಂದಕ್ಕೆ ಬೀಳಬೇಕಿತ್ತು. ರೈಫಲ್ ಗುಂಡು ತನ್ನ ವೇಗದಿಂದ ಸುತ್ತಲಿನ ಅಂಗಾಂಶವನ್ನು ಕ್ಷಣಕಾಲ ಹಿಗ್ಗಿಸಿ ಹರಿದುಬಿಡುತ್ತದೆ. ಪಿಸ್ತೂಲಿನ ಗುಂಡಿಗೆ ಆ ವೇಗವಿಲ್ಲ. ಅದು ಹಾನಿ ಮಾಡುವುದು ಹೆಚ್ಚುಕಡಿಮೆ ತಾನು ಹಾದುಹೋದ ದಾರಿಯಲ್ಲಿ ಮಾತ್ರ. ಮಿದುಳು, ಬೆನ್ನುಹುರಿಗೆ ತಗುಲದಿದ್ದರೆ ಮನುಷ್ಯ ನಿಲ್ಲಬೇಕಾದದ್ದು ರಕ್ತ ನಷ್ಟದಿಂದ, ಅದಕ್ಕೆ ಸಮಯ ಬೇಕು. ಹೃದಯಕ್ಕೇ ಗುಂಡು ಬಿದ್ದರೂ ಮಿದುಳಿನಲ್ಲಿ ಉಳಿದ ಆಮ್ಲಜನಕದ ಬಲದಿಂದ ಹತ್ತು ಹದಿನೈದು ಸೆಕೆಂಡ್ ಹೋರಾಡಬಲ್ಲ. ಮೋರೋ ಯೋಧರ ಬಗ್ಗೆ ಬಂದ ದೂರುಗಳಿಗೆ ಇದೇ ಬಹುಪಾಲು ವಿವರಣೆ.

1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗ ಇದನ್ನು ಅಮೆರಿಕದ ಎಫ್‌ಬಿಐಗೆ ಮನದಟ್ಟು ಮಾಡಿಸಿತು. ಇಬ್ಬರು ಬ್ಯಾಂಕ್ ದರೋಡೆಕೋರರ ಎದುರು ಎಫ್‌ಬಿಐನ ಇಬ್ಬರು ಸತ್ತರು. ದರೋಡೆಕೋರನೊಬ್ಬನಿಗೆ ಆರಂಭದಲ್ಲೇ ತಗುಲಿದ್ದ 9 ಎಂ.ಎಂ. ಗುಂಡು ತೋಳನ್ನು ಹಾದು ಎದೆಯೊಳಗೆ ಹೋಗಿ, ಹೃದಯದ ಹತ್ತಿರಕ್ಕೆ ಬಂದು ನಿಂತುಬಿಟ್ಟಿತ್ತು. ಅವನು ಹೋರಾಡುತ್ತಲೇ ಇದ್ದ. ಆಮೇಲೆ ಸಂಸ್ಥೆ ಒಂದು ನಿಯಮ ಮಾಡಿಕೊಂಡಿತು: ಪರೀಕ್ಷೆಯ ಜೆಲಟಿನ್ ಗಟ್ಟಿಯೊಳಗೆ ಗುಂಡು ಕನಿಷ್ಠ 12 ಇಂಚು ಇಳಿಯಬೇಕು, 18 ಇಂಚು ಮೀರಬಾರದು. ದೊಡ್ಡ ಗುಂಡೇ ಪರಿಹಾರವೆಂದು ಮೊದಲು 10 ಎಂ.ಎಂ.ಗೆ ಹೋದರು, ಅದರ ಒದೆತ ತಾಳಲಾಗದೆ .40ಕ್ಕೆ ಇಳಿದರು. ಕಾಲು ಶತಮಾನದ ಬಳಿಕ, 2014ರ ಹೊತ್ತಿಗೆ, ಮರಳಿ 9 ಎಂ.ಎಂ.ಗೇ ಬಂದರು. ಅಷ್ಟರಲ್ಲಿ ಗುಂಡಿನ ರಚನೆಯೇ ಸುಧಾರಿಸಿತ್ತು: ಮೂತಿ ಟೊಳ್ಳಾದ 9 ಎಂ.ಎಂ. ಗುಂಡು ಮೈಯೊಳಗೆ ಹೂವಿನಂತೆ ಅರಳಿ ದಪ್ಪವಾಗುತ್ತದೆ, ಬೇಕಾದಷ್ಟು ಆಳಕ್ಕೂ ಇಳಿಯುತ್ತದೆ. ಮೇಲಾಗಿ ಅದರಲ್ಲಿ ಗುರಿ ಚೆನ್ನಾಗಿ ಕೂರುತ್ತದೆ ಎಂಬುದು ಅವರದೇ ತರಬೇತಿ ಮೈದಾನದಲ್ಲಿ ಕಂಡಿತ್ತು.

ಪೊಲೀಸರ ಈ ಪಾಠವನ್ನು ಸೇನೆ ಹಾಗೇ ತೆಗೆದುಕೊಳ್ಳಲಾಗದು. ಅಡ್ಡ ಬರುವುದು ಕಾನೂನು, ಅದರ ಬೇರು ನಮ್ಮ ನೆಲದಲ್ಲಿದೆ. ಕೋಲ್ಕತ್ತಾದ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಬ್ರಿಟಿಷರು ರೈಫಲ್ ಗುಂಡಿನ ಮೂತಿಯ ಲೋಹದ ಹೊದಿಕೆಯನ್ನು ತೆರೆದಿಟ್ಟು, ಮೈಯೊಳಗೆ ಅರಳುವ ಗುಂಡು ತಯಾರಿಸಿದರು. ವಾಯವ್ಯ ಗಡಿಯ ಬುಡಕಟ್ಟುಗಳ ಮೇಲೆ ಬಳಸಲೆಂದು ಮಾಡಿದ ಆ ಗುಂಡಿಗೆ ಊರಿನ ಹೆಸರೇ ಅಂಟಿತು. ಅದರ ಕ್ರೌರ್ಯಕ್ಕೆ ಜಗತ್ತು ಬೆಚ್ಚಿತು. 1899ರ ಹೇಗ್ ಘೋಷಣೆ, ಒಪ್ಪಿ ಸಹಿ ಹಾಕಿದ ದೇಶಗಳ ನಡುವಿನ ಯುದ್ಧದಲ್ಲಿ ಮೈಯೊಳಗೆ ಅರಳುವ ಗುಂಡನ್ನು ನಿಷೇಧಿಸಿತು. ಬ್ರಿಟನ್ ಆಗ ವಿರೋಧಿಸಿ, 1907ರಲ್ಲಿ ಒಪ್ಪಿಕೊಂಡಿತು. ಅಂದಿನಿಂದ ಸೈನಿಕನ ಗುಂಡೆಂದರೆ ಪೂರ್ತಿ ಲೋಹ ಹೊದಿಸಿದ್ದು ಎಂಬುದೇ ರೂಢಿ.

ಹೊದಿಕೆಯ ಗುಂಡು ಅರಳುವುದಿಲ್ಲ. 9 ಎಂ.ಎಂ. ಆದರೆ 9 ಮಿಲಿಮೀಟರಿನ ದಾರಿ, .45 ಆದರೆ ಹನ್ನೊಂದೂವರೆಯ ದಾರಿ. ಅಡ್ಡಕೊಯ್ತದ ವಿಸ್ತೀರ್ಣ ಲೆಕ್ಕ ಹಾಕಿದರೆ .45ರದ್ದು ಸುಮಾರು 60 ಶೇಕಡ ಹೆಚ್ಚು. ಪೊಲೀಸ್ ಇಲಾಖೆಗಿಂತ ಸೇನೆಯಲ್ಲಿ .45ರ ಪರವಾದ ವಾದಕ್ಕೆ ಹೆಚ್ಚು ತೂಕವಿದೆ ಎಂದು ಒಪ್ಪಲೇಬೇಕು. ಇನ್ನೂ ಒಂದು ಅನುಕೂಲ ಅದಕ್ಕಿದೆ. ಅದರ ವೇಗ ಶಬ್ದದ ವೇಗಕ್ಕಿಂತ ಕಡಿಮೆಯಾದ್ದರಿಂದ ಸೈಲೆನ್ಸರ್ ಹಾಕಿದರೆ ನಿಜವಾಗಿ ಸದ್ದಡಗುತ್ತದೆ. ಅಮೆರಿಕದ ವಿಶೇಷ ಪಡೆಗಳು 1985ರ ನಂತರವೂ ದಶಕಗಳ ಕಾಲ .45 ಬಿಡದಿದ್ದುದಕ್ಕೆ ಕಾರಣಗಳಿದ್ದವು.

ಹಾಗಾದರೆ ಜಗತ್ತಿನ ಹೆಚ್ಚಿನ ಸೇನೆಗಳು 9 ಎಂ.ಎಂ.ಗೆ ಬಂದು ಸೇರಿದ್ದೇಕೆ? ಉತ್ತರ ಗುಂಡು ಬೀಳುವ ತುದಿಯಲ್ಲಿಲ್ಲ, ಪಿಸ್ತೂಲು ಹಿಡಿಯುವ ತುದಿಯಲ್ಲಿದೆ.

ಸೇನೆಯಲ್ಲಿ ಪಿಸ್ತೂಲು ಯಾರ ಸೊಂಟದಲ್ಲಿರುತ್ತದೆ ನೋಡಿ. ಟ್ಯಾಂಕಿನೊಳಗೆ ಕೂತವರು, ಹೆಲಿಕಾಪ್ಟರ್ ನಡೆಸುವವರು, ವೈದ್ಯರು, ಮಿಲಿಟರಿ ಪೊಲೀಸರು, ಅಧಿಕಾರಿಗಳು. ಇವರ ಮುಖ್ಯ ಕೆಲಸ ಬೇರೆ. ಪಿಸ್ತೂಲು ಅವರ ಕೈಗೆ ಬರುವುದು ಎಲ್ಲ ಕೆಟ್ಟ ಮೇಲೆ, ಕೆಲವೇ ಮಾರು ದೂರದಲ್ಲಿ, ಎದೆ ಡವಗುಟ್ಟುವಾಗ. ವರ್ಷದಲ್ಲಿ ಅವರು ಅದರಿಂದ ಅಭ್ಯಾಸ ಮಾಡುವ ಈಡುಗಳು ಕಡಿಮೆ. ಮನೆಮನೆ ನುಗ್ಗುವ ಕಮಾಂಡೊಗಳ ಮಾತು ಬೇರೆ. ಅವರು ಸಾವಿರಗಟ್ಟಲೆ ಹಾರಿಸಿ ಕೈ ಪಳಗಿಸಿಕೊಂಡವರು. ಸೇನೆ ಪಿಸ್ತೂಲು ಕೊಳ್ಳುವುದು ಮುಖ್ಯವಾಗಿ ಮೊದಲಿನ ಗುಂಪಿಗೆ.

ಅಪರೂಪಕ್ಕೆ ಹಾರಿಸುವ ಕೈಗೆ ಒದೆತವೇ ದೊಡ್ಡ ಶತ್ರು. ಮೇಲೆ ಶಕ್ತಿಯ ಲೆಕ್ಕದಲ್ಲಿ 9 ಎಂ.ಎಂ. ಮತ್ತು .45 ಸಮ ಎಂದೆ. ಆದರೆ ಕೈಗೆ ತಾಗುವ ಒದೆತ ಶಕ್ತಿಯನ್ನಲ್ಲ, ತೂಕ ಮತ್ತು ವೇಗದ ಗುಣಲಬ್ಧವನ್ನು ಅನುಸರಿಸುತ್ತದೆ. 15ನ್ನು 255ರಿಂದ, 8ನ್ನು 360ರಿಂದ ಗುಣಿಸಿ ನೋಡಿ: .45ರದ್ದು ಸುಮಾರು ಮೂರನೇ ಒಂದು ಭಾಗ ಹೆಚ್ಚು. ಅನುಭವವಿಲ್ಲದವನು ಎರಡನೇ ಈಡಿಗೆ ಮೊದಲೇ ಕಣ್ಣು ಮುಚ್ಚಿ ಕೈ ಬಿಗಿ ಮಾಡುತ್ತಾನೆ, ಗುಂಡು ನೆಲಕ್ಕೆ ಹೋಗುತ್ತದೆ. ತಪ್ಪಿದ .45ಕ್ಕಿಂತ ತಗುಲಿದ 9 ಎಂ.ಎಂ. ಮೇಲು ಎಂಬುದರಲ್ಲಿ ಯಾವ ತಜ್ಞರಿಗೂ ಭಿನ್ನಾಭಿಪ್ರಾಯವಿಲ್ಲ.

ಬ್ರಿಟಿಷರು ಇದನ್ನು ಬಹಳ ಮೊದಲೇ ಕಂಡುಕೊಂಡಿದ್ದರು. ಅವರ ಬಳಿ .455 ವೆಬ್ಲಿ ಎಂಬ ದಪ್ಪ ಗುಂಡಿನ ರಿವಾಲ್ವರ್ ಇತ್ತು. ಮೊದಲ ಮಹಾಯುದ್ಧದಲ್ಲಿ ಸಾವಿರಾರು ಹೊಸಬರಿಗೆ ಅವಸರದಲ್ಲಿ ಅದನ್ನು ಕಲಿಸಿದ ಮೇಲೆ, ಕಡಿಮೆ ತರಬೇತಿಯಲ್ಲಿ ಗುರಿ ಹಿಡಿಯಬಲ್ಲ ಹಗುರ ಆಯುಧ ಬೇಕೆಂದು ನಿರ್ಧರಿಸಿ 1932ರಲ್ಲಿ .38ಕ್ಕೆ ಇಳಿದರು. ಅಮೆರಿಕ .38 ಬಿಟ್ಟು .45ಕ್ಕೆ ಏರಿದರೆ, ಬ್ರಿಟನ್ .455 ಬಿಟ್ಟು .38ಕ್ಕೆ ಇಳಿಯಿತು. ಒಬ್ಬರು ಬೀಳದ ಶತ್ರುವನ್ನು ನೋಡಿ ಬರೆದರು, ಇನ್ನೊಬ್ಬರು ನಡುಗುವ ಕೈಯನ್ನು ನೋಡಿ ಬರೆದರು. ಹಾಗೆಂದು ಶಿಕಾಗೋದ ಮಂಡಳಿ ಕೈಯನ್ನು ಮರೆತಿರಲಿಲ್ಲ. ಪಿಸ್ತೂಲು ಧರಿಸುವ ಸೈನಿಕರಿಗೆ ಗುರಿಯ ಅಭ್ಯಾಸವನ್ನು ಎಡೆಬಿಡದೆ ಮಾಡಿಸಬೇಕು ಎಂದು ಅದೇ ವರದಿಯಲ್ಲಿ ಬರೆದಿತ್ತು. ಜನ ನೆನಪಿಟ್ಟುಕೊಂಡದ್ದು .45 ಎಂಬ ಅಂಕಿಯನ್ನು ಮಾತ್ರ.

ಕೈಯ ಅಳತೆಯೂ ಅಷ್ಟೇ ಮುಖ್ಯ. ಮೊದಲ ಮಹಾಯುದ್ಧದ ಅನುಭವದ ಮೇಲೆ ಅಮೆರಿಕ ತನ್ನ ಪ್ರೀತಿಯ .45 ಪಿಸ್ತೂಲನ್ನು 1920ರ ದಶಕದಲ್ಲಿ ತಿದ್ದಿತು. ಕುದುರೆಯನ್ನು (ಬೆರಳಿನಿಂದ ಎಳೆಯುವ ಟ್ರಿಗರ್) ಗಿಡ್ಡ ಮಾಡಿತು, ಬೆರಳು ಎಟುಕಲೆಂದು ಅದರ ಹಿಂದಿನ ಲೋಹವನ್ನು ಎರಡೂ ಕಡೆ ಕೆತ್ತಿತು. ಸಣ್ಣ ಕೈಯವರಿಗೆ ಕುದುರೆ ಎಟುಕುತ್ತಿರಲಿಲ್ಲ ಎಂಬುದೇ ಕಾರಣ. .45ರ ಜಾಗಕ್ಕೆ 1985ರಲ್ಲಿ ಬಂದ 9 ಎಂ.ಎಂ. ಬೆರೆಟ್ಟಾ ಎಂ9ರ ಮ್ಯಾಗಜೀನಿನಲ್ಲಿ (ಹಿಡಿಯೊಳಗೆ ಕೂರುವ ತೋಟೆಯ ಪೆಟ್ಟಿಗೆ) 15 ತೋಟೆ, ಹಳೆಯ .45ರ ಏಳಕ್ಕೆ ಎರಡು ಪಟ್ಟಿಗೂ ಹೆಚ್ಚು. ಆದರೆ ಎರಡು ಸಾಲಾಗಿ ತೋಟೆ ತುಂಬಿದ್ದರಿಂದ ಹಿಡಿ ದಪ್ಪವಾಯಿತು. ಸಣ್ಣ ಕೈಯವರು, ಅದರಲ್ಲೂ ಹೆಣ್ಣುಮಕ್ಕಳು, ಒದ್ದಾಡಿದರು. 2017ರಲ್ಲಿ ಆಯ್ಕೆಯಾದ ಸಿಗ್ ಸವರ್ ಎಂ17ರಲ್ಲಿ ಹಿಡಿಯನ್ನೇ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಅಳತೆಯಲ್ಲಿ ಬದಲಿಸಬಹುದು. ಅಂಗಿ, ಬೂಟಿಗೆ ಅಳತೆ ತೆಗೆದುಕೊಳ್ಳುವ ಸೇನೆ ಪಿಸ್ತೂಲಿಗೂ ಅಳತೆ ಬೇಕೆಂದು ಒಪ್ಪಿಕೊಳ್ಳಲು ನೂರು ವರ್ಷ ಬೇಕಾಯಿತು.

ಇನ್ನು ತೋಟೆಯ ಸರಬರಾಜು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಮೂರೂ ಪಡೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಯ ಕೈಬಂದೂಕುಗಳಿದ್ದವು. ಅವುಗಳ ತೋಟೆ, ಬಿಡಿಭಾಗಗಳ ಲೆಕ್ಕ ಇಡುವುದೇ ತಲೆನೋವು. ನೇಟೊ ಮಿತ್ರರಲ್ಲಿ ಹೆಚ್ಚಿನವರು 9×19 ಬಳಸುತ್ತಿದ್ದರು. ಮಿತ್ರನ ಪೆಟ್ಟಿಗೆಯ ತೋಟೆ ನನ್ನ ಪಿಸ್ತೂಲಿಗೆ ಆಗಬೇಕು ಎಂಬ ಒಂದು ಮಾತೇ .45ರ ಕಾಲವನ್ನು ಮುಗಿಸಿತು. ತೂಕದ ಲೆಕ್ಕವೂ ಇದೆ: ಒಂದು .45 ತೋಟೆ ಸುಮಾರು 21 ಗ್ರಾಂ, 9 ಎಂ.ಎಂ. ಸುಮಾರು 12. ಸೈನಿಕ ಹೊರುವ ಪ್ರತಿ ಗ್ರಾಂ ಅವನ ಬೆನ್ನಿನದು.

ಭಾರತದ ಕಥೆಯಲ್ಲಿ ಸರಬರಾಜಿನ ಮಾತು ಇನ್ನೂ ಸ್ಪಷ್ಟ. ನಮ್ಮ ಸೇನೆಯ ‘ಪಿಸ್ತೂಲ್ ಆಟೋ 9 ಎಂ.ಎಂ. 1ಎ’ ತಯಾರಾಗುವುದು ಪಶ್ಚಿಮ ಬಂಗಾಳದ ಇಛಾಪುರ ರೈಫಲ್ ಕಾರ್ಖಾನೆಯಲ್ಲಿ. ಅದರ ವಂಶವೃಕ್ಷ ದೊಡ್ಡದು. ಜಾನ್ ಬ್ರೌನಿಂಗ್ 1926ರಲ್ಲಿ ಬೆಲ್ಜಿಯಂನಲ್ಲಿ ತೀರಿಕೊಂಡಾಗ ಅರ್ಧಕ್ಕೆ ನಿಂತಿದ್ದ ವಿನ್ಯಾಸವನ್ನು ದ್ಯೂದೊನೆ ಸೇವ್ ಪೂರ್ತಿ ಮಾಡಿದರು. 1935ರಲ್ಲಿ 13 ತೋಟೆಯ ಬ್ರೌನಿಂಗ್ ಹೈ-ಪವರ್ ಬಂತು. ಜರ್ಮನರು ಬೆಲ್ಜಿಯಂ ಹಿಡಿದಾಗ ವಿನ್ಯಾಸ ಸಮುದ್ರ ದಾಟಿ ಕೆನಡಾದ ಟೊರೊಂಟೊ ಸೇರಿತು. ಅಲ್ಲಿ ಇಂಗ್ಲಿಸ್ ಕಂಪನಿ ಚೀನಾದ ಸೇನೆಗೂ ಕೆನಡಾದ ಸೇನೆಗೂ ಅದನ್ನು ತಯಾರಿಸಿತು. ಇಛಾಪುರದ ಪಿಸ್ತೂಲು ಆ ಇಂಗ್ಲಿಸ್ ಮಾದರಿಯದೇ. ನಮ್ಮ 9 ಎಂ.ಎಂ. ಕಾರ್ಬೈನಿಗೂ ಇದೇ 9×19 ತೋಟೆ. ಡಿಆರ್‌ಡಿಒ ಜೊತೆಗೂಡಿ ಸೇನೆ ರೂಪಿಸಿ 2021ರಲ್ಲಿ ಬೆಳಕಿಗೆ ಬಂದ ‘ಅಸ್ಮಿ’ ಮಷಿನ್ ಪಿಸ್ತೂಲಿಗೂ ಅದೇ. ಕ್ಯಾಲಿಬರ್ ಬದಲಿಸುವುದೆಂದರೆ ಪಿಸ್ತೂಲು ಬದಲಿಸುವುದಷ್ಟೇ ಅಲ್ಲ, ತೋಟೆಯ ಕಾರ್ಖಾನೆಯಿಂದ ಗಡಿಯ ಉಗ್ರಾಣದವರೆಗಿನ ಸಾಲನ್ನೇ ಬದಲಿಸುವುದು. (ನಾಗರಿಕರಿಗೆ ನಮ್ಮಲ್ಲಿ 9 ಎಂ.ಎಂ. ‘ನಿಷೇಧಿತ ಬೋರ್’. ಪರವಾನಗಿ ಇದ್ದವರ ಬಳಿ ಸಾಮಾನ್ಯವಾಗಿ .32 ಕಾಣುವುದು ಇದಕ್ಕೇ.)

ಕೊನೆಗೆ ಬೆಲೆ. 1984ರ ಅಮೆರಿಕದ ಪರೀಕ್ಷೆಯಲ್ಲಿ ಬೆರೆಟ್ಟಾ ಮತ್ತು ಸಿಗ್ ಎರಡೂ ಪಾಸಾದವು. ಒಂದು ಪಿಸ್ತೂಲಿಗೆ ಸಿಗ್ ಕೇಳಿದ್ದು 176.33 ಡಾಲರ್, ಬೆರೆಟ್ಟಾ 178.50. ಆದರೂ ಗೆದ್ದದ್ದು ಬೆರೆಟ್ಟಾ. ಮ್ಯಾಗಜೀನು, ಬಿಡಿಭಾಗ ಎಲ್ಲ ಸೇರಿಸಿದರೆ ಅದರ ಒಟ್ಟು ಮೊತ್ತ ಕಡಿಮೆ ಬಂತು. 2017ರಲ್ಲೂ ಹೀಗೆಯೇ. ಈ ಸಲ ಯಾವ ಕ್ಯಾಲಿಬರ್ ಎಂಬುದನ್ನು ಕಂಪನಿಗಳೇ ಸೂಚಿಸಬಹುದು ಎಂದು ಸೇನೆ ಬಾಗಿಲು ತೆರೆದಿಟ್ಟಿತ್ತು. ಕೊನೆಯ ಸುತ್ತಿಗೆ ಉಳಿದ ಸಿಗ್, ಗ್ಲಾಕ್ ಎರಡೂ ಮುಂದಿಟ್ಟದ್ದು 9 ಎಂ.ಎಂ. ಮೌಲ್ಯಮಾಪನದ ಮೊತ್ತದಲ್ಲಿ ಸಿಗ್ 16.95 ಕೋಟಿ ಡಾಲರ್, ಗ್ಲಾಕ್ 27.22 ಕೋಟಿ. ಗ್ಲಾಕ್‌ನ ತಕರಾರು ಬಿದ್ದುಹೋಯಿತು. ಆ ಪಿಸ್ತೂಲಿಗಾಗಿ ಬರೆದ ಬೇಡಿಕೆ ಪಟ್ಟಿ 350 ಪುಟ ದಾಟಿತ್ತು. ಸೇನಾ ಮುಖ್ಯಸ್ಥ ಜನರಲ್ ಮಾರ್ಕ್ ಮಿಲಿ ಅವರೇ 2016ರಲ್ಲಿ ಬಹಿರಂಗವಾಗಿ ಸಿಟ್ಟಾದರು. ಅವರ ಸಿಟ್ಟು ಸರಿಯೇ. ಆದರೆ ಪರೀಕ್ಷೆಯನ್ನು ಹಗುರ ಮಾಡಿದರೆ ಬೆಲೆ ತೆರುವವನು ಸೈನಿಕ.

ಎಂ9ರ ಆರಂಭದ ವರ್ಷಗಳಲ್ಲಿ ಕೆಲವು ಪಿಸ್ತೂಲುಗಳ ಸ್ಲೈಡ್ (ಹಿಂದೆ ಮುಂದೆ ಸರಿಯುವ ಮೇಲ್ಭಾಗ) ಮುರಿದು ಹಿಂದಕ್ಕೆ ಚಿಮ್ಮಿ ಹೊಡೆದವರ ಮುಖಕ್ಕೇ ಬಡಿಯಿತು. ಸ್ಲೈಡನ್ನು ಹಿಡಿದು ನಿಲ್ಲಿಸುವ ಭಾಗವೊಂದನ್ನು ಆಮೇಲೆ ಸೇರಿಸಿದರು. ಇರಾಕಿನಲ್ಲಿ ಅದೇ ಪಿಸ್ತೂಲು ನಿಂತುಹೋಗುತ್ತಿತ್ತು. ದೋಷ ಪಿಸ್ತೂಲಿನದಲ್ಲ, ಅಗ್ಗದ ಗುತ್ತಿಗೆಯಲ್ಲಿ ಬಂದ ಮ್ಯಾಗಜೀನಿನದು: ಒಳಮೈಯ ಒರಟು ಲೇಪಕ್ಕೆ ಮರಳಿನ ಹುಡಿ ಹಿಡಿದು ತೋಟೆ ಮೇಲೇರುತ್ತಿರಲಿಲ್ಲ. ಎಂ17ರ ಪರೀಕ್ಷೆಯಲ್ಲಿ, ಕೆಳಗೆ ಬಿದ್ದರೆ ಗುಂಡು ಹಾರುವ ದೋಷ ಕಂಡು ಕುದುರೆಯ ಭಾಗಗಳನ್ನು ಹಗುರಗೊಳಿಸಬೇಕಾಯಿತು. ಕ್ಯಾಲಿಬರ್ ಯಾವುದೆಂಬ ವಾದದಲ್ಲಿ ಇವುಗಳ ಹೆಸರೇ ಬರುವುದಿಲ್ಲ, ಆದರೆ ಜೀವ ಉಳಿಯುವುದೂ ಹೋಗುವುದೂ ಇಂಥವುಗಳಲ್ಲಿ. 2013ರಲ್ಲಿ ಬ್ರಿಟನ್ ತನ್ನ ಹಳೆಯ ಹೈ-ಪವರ್ ಬಿಟ್ಟು 25,000ಕ್ಕೂ ಹೆಚ್ಚು ಗ್ಲಾಕ್ 17 ಕೊಂಡಾಗಲೂ ಕ್ಯಾಲಿಬರ್ ಬದಲಾಗಲಿಲ್ಲ. ಹೊಸದು ಹಗುರ, ತೋಟೆ ನಾಲ್ಕು ಹೆಚ್ಚು. ನಳಿಗೆಯಲ್ಲಿ ತೋಟೆ ತುಂಬಿಕೊಂಡೇ ಸುರಕ್ಷಿತವಾಗಿ ಒಯ್ಯಬಹುದಾದ್ದರಿಂದ ಆಪತ್ತಿನಲ್ಲಿ ಬೇಗ ಕೈಗೆ ಬರುತ್ತದೆ.

ಆ ಹೈ-ಪವರ್‌ನ ನಮ್ಮ ತಮ್ಮನೇ ಇಛಾಪುರದ 1ಎ. 9 ಎಂ.ಎಂ. ಎಂಬ ಆಯ್ಕೆಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹಳೆಯದಾಗಿರುವುದು ಅದನ್ನು ಹಾರಿಸುವ ಯಂತ್ರ. ಮೊದಲ ಈಡಿಗೆ ಕೈಯಿಂದ ಸುತ್ತಿಗೆ (ಹ್ಯಾಮರ್) ಎಳೆಯಬೇಕಾದ ಅಥವಾ ಎಳೆದಿಟ್ಟು ಲಾಕ್ ಮಾಡಿ ಒಯ್ಯಬೇಕಾದ 1935ರ ವ್ಯವಸ್ಥೆ ಅದು. ಮುಂದಿನ ಪಿಸ್ತೂಲಿನ ಟೆಂಡರ್ ಬರೆಯುವವರು ರಾಜಸ್ಥಾನದ ಮರಳಿನಲ್ಲೂ ಸಿಯಾಚಿನ್ನಿನ ಹಿಮದಲ್ಲೂ ಮ್ಯಾಗಜೀನನ್ನು ಹೂತು ತೆಗೆದು ಪರೀಕ್ಷಿಸಲಿ. ವರ್ಷಕ್ಕೆ ಒಬ್ಬೊಬ್ಬರಿಗೆ ಎಷ್ಟು ಅಭ್ಯಾಸದ ತೋಟೆ ಎಂಬುದನ್ನು ಬೆಲೆಯೊಳಗೇ ಸೇರಿಸಲಿ. 2025ರ ಮೇ ತಿಂಗಳಲ್ಲಿ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ ಹದಿನೇಳು ಹೆಣ್ಣುಮಕ್ಕಳ ಮೊದಲ ತಂಡ ಹೊರಬಂದಿದೆ. ಹಿಡಿಯ ಅಗಲವನ್ನು ಗೊತ್ತುಮಾಡುವ ಮೊದಲು ಅವರ ಅಂಗೈಯ ಅಳತೆಯನ್ನೂ ತೆಗೆದುಕೊಳ್ಳಲಿ.